ಎಡಗೈ ಎತ್ತಿದವರು

ಬಾಗಿಲಿನಾಚೆ ಹೆಡ್‌ಮಾಸ್ಟರ್ ಸಿ ಲಖ್ದರ್ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಇನ್‌ಸ್ಪೆಕ್ಟರ್ ಬಂದಿದ್ದಾರೆ ಎಂದು ಟೀಚರುಗಳಿಗೆ ಸುಳಿವು ಕೊಡುವ ಕೆಮ್ಮು. ಬಾತ್ನಾ ಸೀಮೆಯಲ್ಲಿ ಹೆಸರಿನ ಮುಂದೆ ‘ಸಿ’ ಎಂಬ ಗೌರವ ಹೊತ್ತ ಹೆಡ್‌ಮಾಸ್ಟರುಗಳಿಗೆಲ್ಲ ಈ ಕಾಯಿಲೆ ಇದೆ. ಜಾಜಿಯಾ ತನ್ನ ಬಿಳಿ ಮೇಲಂಗಿಯ ಗುಂಡಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು ಮಕ್ಕಳತ್ತ ತಿರುಗಿದಳು.

“ನೆನಪಿದೆ ತಾನೇ?” ಎಂದು ಪಿಸುಗುಟ್ಟಿದಳು.

“ನೆನಪಿದೆ, ಮುಅಲ್ಲಿಮಾ!” ಎಂದು ಇಡೀ ನಾಲ್ಕನೇ ತರಗತಿ ತನ್ನ ಟೀಚರಮ್ಮನಿಗೆ ಪಿಸುಗುಟ್ಟಿತು. ಅಷ್ಟು ಮಕ್ಕಳು ಒಟ್ಟಿಗೆ ಪಿಸುಗುಟ್ಟಿದರೆ ಅಂಗಳದಾಚೆಗೂ ಕೇಳುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಇನ್‌ಸ್ಪೆಕ್ಟರ್ ಸಿ ಬೂಅಲೆಮ್ ಒಳಗೆ ಬಂದರು. ಒಣಕಲು ಆಳು. ನಕ್ಕರೆ ಕೈಯಿಂದ ಏನೋ ಜಾರಿಹೋಗುತ್ತದೆ ಎನ್ನುವಂತಹ ಮುಖ. ಮಕ್ಕಳ ಸಲಾಮಿಗೆ ತಲೆಯಾಡಿಸಿ ಕೊನೆಯ ಬೆಂಚಿನಲ್ಲಿ ಕುಳಿತರು, ಹೆಡ್‌ಮಾಸ್ಟರ್ ಅವರ ಬೆನ್ನ ಹಿಂದೆ ಗೋಡೆಗೆ ಅಂಟಿಕೊಂಡರು. ಹೋದ ವಸಂತದಲ್ಲೂ ಇವರೇ ಬಂದಿದ್ದರು, ಇದೇ ಬೆಂಚಿನಲ್ಲಿ ಕುಳಿತಿದ್ದರು. ಅಂದು ಜಾಜಿಯಾ ಏನು ಕೇಳಿದರೂ ಮಕ್ಕಳು ಅಪರಿಚಿತನನ್ನು ಕಂಡು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಂದು ಕೈಯೂ ಮೇಲೇಳಲಿಲ್ಲ. ‘ತರಗತಿಯಲ್ಲಿ ಜೀವವಿಲ್ಲ’ ಎಂದು ಬರೆದು ಅವರು ಎದ್ದು ಹೋದರು. ಅವಳ ಕೆಲಸ ಕಾಯಂ ಆಗಲಿಲ್ಲ. ಕಾನೂನಿನಲ್ಲಿ ಇನ್ನೊಂದೇ ಅವಕಾಶ, ಅದು ಇವತ್ತು. ಇವತ್ತೂ ಜಾರಿದರೆ ಮೇಲಂಗಿ ಕಳಚಿಟ್ಟು ಅಪ್ಪನ ಮನೆಗೆ ಹೋಗಬೇಕು, ಮತ್ತೆ ಯಾವ ಶಾಲೆಯ ಬಾಗಿಲೂ ತೆರೆಯುವುದಿಲ್ಲ.

ಜಾಜಿಯಾ ಕಲಿಕೆಯ ಮನಶ್ಶಾಸ್ತ್ರವನ್ನು ಯೂನಿವರ್ಸಿಟಿಯಲ್ಲಿ ಓದಿ ಬಂದವಳು. ಹೊಡೆತಕ್ಕೆ ಕಲಿತದ್ದು ಹೊಡೆತ ನಿಂತೊಡನೆ ಮರೆತುಹೋಗುತ್ತದೆ, ಬಹುಮಾನಕ್ಕಾಗಿ ಕಲಿತವನಿಗೆ ಬಹುಮಾನವಷ್ಟೇ ಬೇಕು, ತಪ್ಪಿಗೆ ನಾಚಿಸಿದರೆ ಮಗು ತಪ್ಪನ್ನಲ್ಲ, ಪ್ರಯತ್ನವನ್ನು ಬಿಡುತ್ತದೆ. ಇದನ್ನೆಲ್ಲ ನಂಬಿದ್ದಳು, ನಂಬಿದಂತೆಯೇ ಪಾಠ ಮಾಡಿದ್ದಳು. ಮಕ್ಕಳು ನಿಧಾನವಾಗಿ ಅರಳುತ್ತಲೂ ಇದ್ದರು. ಆದರೆ ಇನ್‌ಸ್ಪೆಕ್ಟರಿಗೆ ನಿಧಾನ ಕಾಣಿಸುವುದಿಲ್ಲವಲ್ಲ!

ಆಗ ಕೈಹಿಡಿದವಳು ಪಕ್ಕದ ತರಗತಿಯ ಶರೀಫಾ. ವಯಸ್ಸಿನಲ್ಲಿ ದೊಡ್ಡವಳು, ಬಾಯಲ್ಲಿ ಇನ್ನೂ ದೊಡ್ಡವಳು.

“ನಿನ್ನ ಶಾಸ್ತ್ರ ಕಟ್ಟಿಟ್ಟು ಇಲ್ಲಿ ಕೇಳೇ ತಂಗಿ,” ಎಂದಿದ್ದಳು ಟೀ ಹೀರುತ್ತಾ. “ಗೊತ್ತಿದ್ದೋರು ಬಲಗೈ ಎತ್ಬೇಕು, ಗೊತ್ತಿಲ್ದೋರು ಎಡಗೈ. ಎಲ್ಲರೂ ಎತ್ಲೇಬೇಕು. ನೀನು ಬಲಗೈಯೋರನ್ನ ಮಾತ್ರ ಕರಿ. ಹಿಂದೆ ಕೂತೋರಿಗೆ ಬರೀ ಕೈಗಳ ಕಾಡು ಕಾಣುತ್ತೆ.”

“ಅದು ಮೋಸ ಅಲ್ವಾ ಅಕ್ಕ?”

“ಮೋಸ ಅಲ್ದೆ ಏನು ಹಜ್ ಯಾತ್ರೆನಾ? ಮೊದ್ಲು ಕಾಯಂ ಆಗು. ಆಮೇಲೆ ಸತ್ಯವಂತೆ ಆಗೋಕೆ ನಿವೃತ್ತಿವರೆಗೂ ಟೈಮಿದೆ.”

ಜಾಜಿಯಾ ಎರಡು ರಾತ್ರಿ ಹೊರಳಾಡಿ ಒಪ್ಪಿಕೊಂಡಳು. ಒಂದು ವಾರ ಅಭ್ಯಾಸ ಮಾಡಿಸಿದಳು. ಮಕ್ಕಳಿಗೋ ಅದೊಂದು ಹಬ್ಬ. ಉತ್ತರ ಬಾರದವರೂ ಹಿಂಜರಿಕೆಯಿಲ್ಲದೆ ಎಡಗೈ ಎತ್ತಿ ಕುಣಿಯುವಂತಾದರು. ಯಾರಿಗೆ ಯಾವುದು ಬರುವುದಿಲ್ಲ ಎಂಬುದು ಅವಳಿಗೆ ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಆದರೆ ಆ ಕೈಗಳನ್ನು ನೋಡಿ ಕಲಿಸಲು ಅವಳಿಗೆ ಪುರಸೊತ್ತಿರಲಿಲ್ಲ. ಕಣ್ಣಿಗೆ ಮಣ್ಣೆರಚುವ ಕೆಲಸದಲ್ಲಿ ಮುಳುಗಿದ್ದಳು.

ಈಗ ಅವಳು ರಟ್ಟಿನಲ್ಲಿ ಕತ್ತರಿಸಿದ ದುಂಡು ಕೆಸ್ರಾ ರೊಟ್ಟಿಯನ್ನು ಹಲಗೆಗೆ ಅಂಟಿಸಿ ಕೇಳಿದಳು, “ಇದನ್ನ ಇಬ್ಬರಿಗೆ ಸಮ ಹಂಚಿದ್ರೆ ಒಬ್ಬರಿಗೆ ಎಷ್ಟು?”

ಕೈಗಳು ಸರ‍್ರನೆ ಎದ್ದವು. ನೀಲಿ ತೋಳು, ಗುಲಾಬಿ ತೋಳು, ಒಂದೂ ಕೆಳಗಿಲ್ಲ. ಜಾಜಿಯಾ ಒಂದು ಬಲಗೈಯನ್ನು ಕರೆದಳು. ಉತ್ತರ ಸರಿ. ಇನ್ನೊಂದು ಪ್ರಶ್ನೆ, ಇನ್ನೊಂದು ಬಲಗೈ, ಅದೂ ಸರಿ. ಸಿ ಬೂಅಲೆಮ್ ಪೆನ್ನು ತೆಗೆದು ಏನೋ ಬರೆದರು. ಹೆಡ್‌ಮಾಸ್ಟರ್ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಜಾಜಿಯಾಳ ಅಂಗೈ ಬೆವರಿ ಸೀಮೆಸುಣ್ಣ ಒದ್ದೆಯಾಗಿತ್ತು. ಆದರೂ ದನಿಯಲ್ಲಿ ಹುರುಪು ಬಂದಿತ್ತು.

“ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ?”

ಮತ್ತೆ ಕೈಗಳ ಕಾಡು. ಅವಳು ಒಂದು ಬಲಗೈಯತ್ತ ಬೆರಳು ಮಾಡುವಷ್ಟರಲ್ಲಿ ಸಿ ಬೂಅಲೆಮ್ ಎದ್ದು ನಿಂತರು.

“ಕೈ ಇಳಿಸ್ಬೇಡಿ ಮಕ್ಕಳೇ. ಮುಅಲ್ಲಿಮಾ, ಈ ಸಲ ನಾನು ಕರೀಲಾ?”

ಜಾಜಿಯಾ ಎತ್ತಿದ ಬೆರಳನ್ನು ಮಡಚಿಕೊಂಡಳು. ಬೇಡ ಎನ್ನುವಂತಿಲ್ಲ. ಅವರು ಬೆಂಚುಗಳ ನಡುವೆ ನಿಧಾನವಾಗಿ ನಡೆದು ಬಂದು, ಎಡಗೈಯನ್ನು ಆಕಾಶಕ್ಕೆ ಚಾಚಿದ್ದ ಅಯ್ಯೂಬನ ಮುಂದೆ ನಿಂತರು.

“ನೀನು ಹೇಳಪ್ಪ.”

“ನಂಗೊತ್ತಿಲ್ಲ ಸಾರ್.”

“ಗೊತ್ತಿಲ್ದೆ ಕೈ ಯಾಕೆ ಎತ್ತಿದೆ?”

ಅಯ್ಯೂಬನಿಗೆ ಪರಮಾಶ್ಚರ್ಯ. ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯದೇ? “ನಾನೆತ್ತಿರೋದು ಎಡಗೈ ಅಲ್ವಾ ಸಾರ್?” ಎಂದ.

ಮಕ್ಕಳು ಗೊಳ್ಳೆಂದು ನಕ್ಕರು. ಹೆಡ್‌ಮಾಸ್ಟರಿಗೆ ಈ ಸಲ ನಿಜವಾದ ಕೆಮ್ಮೇ ಬಂತು. ಜಾಜಿಯಾ ಮೇಜಿನ ಅಂಚು ಹಿಡಿದುಕೊಂಡಳು. ಮುಗಿಯಿತು ಎಂದುಕೊಂಡಳು. ಆದರೆ ಮುಗಿದಿರಲಿಲ್ಲ. ಸಿ ಬೂಅಲೆಮ್ ಕಿಟಕಿಯ ಪಕ್ಕದ ಹುಡುಗಿಯ ಹತ್ತಿರ ಹೋಗಿದ್ದರು. ಝುಲೀಖಾ. ಅವಳ ಎಡಗೈ ಪೂರ್ತಿ ಎದ್ದಿರಲಿಲ್ಲ, ಕಿವಿಯವರೆಗೆ ಬಂದು ನಿಂತಿತ್ತು.

“ಹಾಗಾದ್ರೆ ನಿಂಗೂ ಗೊತ್ತಿಲ್ಲ ಅಂತಾಯ್ತು.”

“ಗೊತ್ತು,” ಎಂದಳು ಝುಲೀಖಾ, ಬೆಂಚನ್ನು ನೋಡುತ್ತಾ. “ಮೂರರಲ್ಲಿ ಒಂದೇ ದೊಡ್ಡದು. ಉಣ್ಣೋರು ಜಾಸ್ತಿ ಆದಷ್ಟೂ ಪಾಲು ಚಿಕ್ಕದಾಗುತ್ತೆ. ಅತ್ತೆ ಮಕ್ಕಳು ಬಂದಾಗ ನಮ್ಮನೇಲೂ ಹಂಗೇ ಆಗೋದು.”

ಸಿ ಬೂಅಲೆಮ್ ಅವಳ ಬೆಂಚಿನತ್ತ ಬಾಗಿದರು. “ಸರಿಯಾಗಿದೆ. ಮತ್ತೆ ಎಡಗೈ ಯಾಕೆ?”

“ಇದೇ ನನ್ನ ಕೈ ಸಾರ್. ಮುಂಚಿನ ಮುಅಲ್ಲಿಮಾ ಇದನ್ನ ಬೆಂಚಿಗೆ ಕಟ್ಟಿಹಾಕ್ತಿದ್ರು. ಈ ಮುಅಲ್ಲಿಮಾ ಬಿಚ್ಚಿಸಿದ್ರು. ನಿಂಗೆ ಯಾವ ಕೈ ಬರುತ್ತೋ ಅದೇ ನಿನ್ನ ಕೈ, ಅದರಲ್ಲೇ ಬರಿ, ಅದನ್ನೇ ಎತ್ತು ಅಂದಿದ್ರು.”

ಹೌದು, ಅಂದಿದ್ದಳು. ಶರತ್ಕಾಲದ ಮೊದಲ ವಾರ, ಆ ಪುಟ್ಟ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದು ಅಂದಿದ್ದಳು. ಹಾಗೆ ಅಂದವಳೇ ಈ ವಾರವಿಡೀ ಎಡಗೈಗಳ ಮೇಲಿಂದ ಕಣ್ಣು ಹಾಯಿಸಿ ಮುಂದೆ ಹೋಗಿದ್ದಳು. ಒಮ್ಮೆಯೂ ಝುಲೀಖಾಳನ್ನು ಕರೆದಿರಲಿಲ್ಲ. ಮೊದಲ ದಿನ ಆ ಕೈ ನೆಟ್ಟಗೆ ಮೇಲಕ್ಕಿತ್ತು, ಆಮೇಲೆ ನೆತ್ತಿಗೆ ಇಳಿಯಿತು, ಆಮೇಲೆ ಕಿವಿಗೆ. ಜಾಜಿಯಾ ನೋಡಿದ್ದಳು. ಮಗುವಿಗೆ ಆಯಾಸವಿರಬೇಕು ಎಂದುಕೊಂಡಿದ್ದಳು.

“ಎಡಗೈಯೋರನ್ನ ಕರೀದೇ ಇದ್ದಾಗ ನಿಂಗೇನನ್ನಿಸ್ತು ಮಗಳೇ?” ಇನ್‌ಸ್ಪೆಕ್ಟರರ ದನಿ ಮೆತ್ತಗಾಗಿತ್ತು.

ಝುಲೀಖಾ ಭುಜ ಕುಣಿಸಿದಳು. “ನಂಗೆ ಗೊತ್ತಿರೋದೆಲ್ಲ ತಪ್ಪಿರ್ಬೇಕು ಅಂದ್ಕೊಂಡೆ.”

ಈ ಮಾತು ಜಾಜಿಯಾಳ ಎದೆಗೆ ನಾಟಿತು. ಕೈ ಎತ್ತಿ ಎತ್ತಿ ಫಲ ಕಾಣದ ಮಗು ಕೊನೆಗೆ ತನ್ನ ಬುದ್ಧಿಯನ್ನೇ ನಂಬುವುದಿಲ್ಲ ಎಂದು ಅವಳು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದಳು. ಎಲ್ಲರಿಗಿಂತ ಹೆಚ್ಚು ಅಂಕ ಅದಕ್ಕೇ ಬಂದಿತ್ತು. ಬರೆದದ್ದನ್ನು ಈಗ ತನ್ನ ಕೈಯಾರೆ ಒಂದು ಜೀವದ ಮೇಲೆ ಮಾಡಿ ತೋರಿಸಿದ್ದಳು.

ಸಿ ಬೂಅಲೆಮ್ ತಿರುಗಿದರು. “ಇದೆಲ್ಲ ಏನು, ಮುಅಲ್ಲಿಮಾ?”

ಅವಳಿಗಿಂತ ಮೊದಲು ಹೆಡ್‌ಮಾಸ್ಟರ್ ಬಾಯಿ ಹಾಕಿದರು. “ಅದು ಹೊಸ ವಿಧಾನ ಸಿ ಬೂಅಲೆಮ್! ಯೂನಿವರ್ಸಿಟಿದು. ಗೊತ್ತಿಲ್ದಿರೋ ಮಗು ನಾಚ್ಕೋಬಾರ್ದು ಅಂತ ಎಡಗೈ ಎತ್ತಿಸೋದು. ಮನಶ್ಶಾಸ್ತ್ರ, ಮನಶ್ಶಾಸ್ತ್ರ!” ಹೇಳುತ್ತಾ ಜಾಜಿಯಾಳತ್ತ ಕಣ್ಣು ಮಿಟುಕಿಸಿದರು.

ಎಂಥ ಸೊಗಸಾದ ಸುಳ್ಳು! ಅರ್ಧ ನಿಜವೂ ಹೌದು. ಯಾವ ಪಂಡಿತನೂ ತಲೆದೂಗಬೇಕು. ಅವಳು ತಲೆಯಾಡಿಸಿದರೆ ಸಾಕು, ಕೆಲಸ ಕಾಯಂ, ಮೇಲೊಂದು ಶಹಬ್ಬಾಸ್.

“ಹೌದಾ?” ಎಂದರು ಸಿ ಬೂಅಲೆಮ್.

ಜಾಜಿಯಾ ಝುಲೀಖಾಳನ್ನು ನೋಡಿದಳು. ಮಗು ತನ್ನ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿತ್ತು. ತಲೆಯಾಡಿಸಿದರೆ ಆ ಕೈ ಅಲ್ಲೇ ಉಳಿಯುತ್ತದೆ.

“ಅಲ್ಲ,” ಎಂದಳು. “ವಿಧಾನವೂ ಅಲ್ಲ, ಶಾಸ್ತ್ರವೂ ಅಲ್ಲ. ನಿಮಗೆ ಮೋಸ ಮಾಡೋಕೆ ಹೇಳ್ಕೊಟ್ಟಿದ್ದು. ಝುಲೀಖಾ, ನಿಂಗೆ ಗೊತ್ತಿದ್ದಿದ್ದು ಯಾವುದೂ ತಪ್ಪಲ್ಲ. ತಪ್ಪು ನನ್ನದು. ನಾನು ಹೇಳಿದ್ದನ್ನ ನೀನು ನೆನಪಿಟ್ಕೊಂಡೆ, ನಾನು ಮರೆತೆ.”

ಹೆಡ್‌ಮಾಸ್ಟರ್ ಸೂರು ನೋಡುತ್ತಾ ನಿಂತರು. ಸಿ ಬೂಅಲೆಮ್ ತಮ್ಮ ಬೆಂಚಿಗೆ ಹಿಂತಿರುಗಿ ಕುಳಿತು, “ಗಂಟೆ ಇನ್ನೂ ಹೊಡೆದಿಲ್ಲ. ಪಾಠ ಮುಂದುವರಿಸಿ,” ಎಂದರು.

ಜಾಜಿಯಾ ಹಲಗೆಯತ್ತ ತಿರುಗಿ ಅದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಬರೆದಳು. ಐದರಲ್ಲಿ ಒಂದು, ಆರರಲ್ಲಿ ಒಂದು. “ಯಾರಿಗೆ ಇದು ಅರ್ಥ ಆಗಿಲ್ಲ?”

ಯಾರೂ ಅಲುಗಲಿಲ್ಲ. ಆಟ ಕೆಟ್ಟಿತ್ತು, ದೊಡ್ಡವರ ಮುಖಗಳು ಬಿಗಿದಿದ್ದವು, ಮಕ್ಕಳಿಗೆ ಅಷ್ಟು ಸಾಕಿತ್ತು. ಹೋದ ವಸಂತದ ಅದೇ ಮೌನ ಮರಳಿ ಬಂತು. ಹಿಂದಿನ ಬೆಂಚಿನಲ್ಲಿ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಜಾಜಿಯಾ ಸೀಮೆಸುಣ್ಣ ಕೆಳಗಿಟ್ಟು ತನ್ನ ಎಡಗೈಯನ್ನೇ ಮೇಲೆತ್ತಿದಳು.

“ನಿಮ್ಮ ವಯಸ್ಸಲ್ಲಿ ನಂಗೂ ಅರ್ಥ ಆಗಿರ್ಲಿಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ, ಪಾಲೂ ದೊಡ್ಡದೇ ಇರ್ಬೇಕು ಅಂತ ಜಗಳ ಆಡಿದ್ದೆ.”

“ನಾನೂ ಹಂಗೇ ಅಂದ್ಕೊಂಡಿದ್ದೆ!” ಎಂದು ಅಯ್ಯೂಬ ಕೂಗಿ ಎಡಗೈ ಎತ್ತಿದ. ಅವನ ಹಿಂದಿನವಳು ಎತ್ತಿದಳು. ಆಮೇಲೆ ಅಲ್ಲೊಂದು, ಇಲ್ಲೊಂದು. ಜಾಜಿಯಾ ರಟ್ಟಿನ ರೊಟ್ಟಿ, ಕತ್ತರಿ ಎರಡನ್ನೂ ಅಯ್ಯೂಬನ ಕೈಗೆ ಕೊಟ್ಟು ಎಡಗೈಗಳ ನಡುವೆ ಮೊಣಕಾಲೂರಿ ಕುಳಿತಳು. ಹುಡುಗ ಕತ್ತರಿಸಿದ, ಕೆಡಿಸಿದ, ವಾದಿಸಿದ, ಮತ್ತೆ ಕತ್ತರಿಸಿ ಚೂರುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ “ಅಯ್ಯೋ, ಹೌದಲ್ಲ!” ಎಂದ. ಗಂಟೆ ಹೊಡೆದದ್ದು ಅವಳಿಗೆ ಕೇಳಿಸಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಸಿ ಬೂಅಲೆಮ್ ಕಾಯುತ್ತಿದ್ದರು.

“ಬಲಗೈ ಎಡಗೈ ಆಟ ನಿಂಗೆ ಕಲಿಸಿದೋರಿಗೆ ಹೇಳು, ಅದು ನಾನು ಹುಟ್ಟೋಕೆ ಮುಂಚಿನದು ಅಂತ. ಇನ್ನೇನಾದ್ರೂ ಹೊಸದು ಹುಡುಕ್ಲಿ.” ಪೆನ್ನಿನ ಮುಚ್ಚಳ ಹಾಕಿದರು. “ಮೊದಲರ್ಧಕ್ಕೆ ಸೊನ್ನೆ ಹಾಕಿದೀನಿ. ಉಳಿದರ್ಧಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ಸರಾಸರಿ ಎಷ್ಟಾಯ್ತು?”

“ಹತ್ತು,” ಎಂದಳು ಜಾಜಿಯಾ. ಹತ್ತು ಬಂದರೆ ಕಾಯಂ. ಒಂದು ಕಮ್ಮಿಯಾದರೂ ಇಲ್ಲ.

“ಲೆಕ್ಕ ಬರುತ್ತೆ ನಿಂಗೆ,” ಎಂದು ಅವರು ಹೊರಟುಹೋದರು. ಮುಖ ಮೊದಲಿನಂತೆಯೇ ಗಂಟಿಕ್ಕಿತ್ತು.

ಜಾಜಿಯಾಳಿಗೆ ಗೋಡೆಗೆ ಒರಗಿ ಅಳಬೇಕೆನಿಸಿತು, ಆದರೆ ಮುಂದಿನ ಪಾಠಕ್ಕೆ ಹೊತ್ತಾಗಿತ್ತು. ಒಳಗೆ ಹೋಗಿ ಒಂದು ಸುಲಭದ ಲೆಕ್ಕ ಕೇಳಿದಳು. ಬಲಗೈ, ಎಡಗೈ ಎಲ್ಲ ಎದ್ದವು. ಕಿಟಕಿಯ ಬಳಿ ಮಾತ್ರ ಏನೂ ಏಳಲಿಲ್ಲ.

“ಝುಲೀಖಾ, ಗೊತ್ತಾ?”

“ಗೊತ್ತು.”

“ಮತ್ತೆ ಕೈ?”

“ಎತ್ತಿದ್ರೆ ಕರೀತೀರಾ?”

ಕೆಲಸ ಕಾಯಂ ಆದ ಖುಷಿ ಆ ಪ್ರಶ್ನೆಯ ಮುಂದೆ ಕುಗ್ಗಿಹೋಯಿತು. ಜಾಜಿಯಾ ಹೌದೆಂದು ತಲೆಯಾಡಿಸಿ ಕಾದಳು. ಮಗು ಅವಳ ಮುಖವನ್ನು ಬಹಳ ಹೊತ್ತು ನೋಡಿತು, ನಂಬಬಹುದೋ ಬಾರದೋ ಎಂಬಂತೆ. ಆಮೇಲೆ ತೊಡೆಯ ಕೆಳಗಿಂದ ಎಡಗೈ ಹೊರಬಂತು. ಕಿವಿಯವರೆಗೆ ಮಾತ್ರ ಬಂತು.

ಜಾಜಿಯಾ ಅವಳ ಹೆಸರು ಕರೆದಳು.