ಚೀಟಿ ಕಿತ್ತ ಚಿಪ್‌ಗಳು

ಪ್ರಾಯೋಗಿಕ ಪರೀಕ್ಷೆ ಆರಂಭವಾಗಿ ಹತ್ತು ನಿಮಿಷ ಕಳೆದರೂ, ಹುಣಸೂರಿನ ಆ ಖಾಸಗಿ ಪಾಲಿಟೆಕ್ನಿಕ್ಕಿನ ನಾಲ್ಕು ಮೈಕ್ರೋಪ್ರೊಸೆಸರ್ ಕಿಟ್‌ಗಳಲ್ಲಿ ಒಂದೂ ಜೀವ ತಳೆಯಲಿಲ್ಲ. ಸ್ವಿಚ್ ಹಾಕಿದೊಡನೆ ಕೆಂಪು ಅಕ್ಷರಗಳು ಮೂಡಬೇಕಾದ ಜಾಗ ಕಪ್ಪಾಗಿಯೇ ಇತ್ತು. ೧೯೯೮ರ ದಸರಾ ರಜೆ ಮುಗಿದು ಅಂದಿಗೆ ಎರಡನೆಯ ದಿನ.

"ಲೇ ಧರ್ಮೇಂದ್ರ, ನಿಂದು ಬಂತೇನ್ಲಾ?" ಎಂದು ಹಿಂದಿನ ಮೇಜಿನ ಚಲುವರಾಜು ಪಿಸುಗುಟ್ಟಿದ.

"ಇಲ್ಲ ಕಣ್ಲಾ. ಆಯುಧಪೂಜೆ ಜಾಸ್ತಿ ಆಗಿ ಸಮಾಧಿಗೆ ಕೂತದೆ."

"ಮಾತು ಬೇಡ," ಎಂದರು ಮೈಸೂರಿನಿಂದ ಬಂದಿದ್ದ ಪರೀಕ್ಷಕರು. "ಹನ್ನೊಂದರೊಳಗೆ ಉತ್ತರ ತೋರಿಸದಿದ್ದರೆ ಸೊನ್ನೆ. ಕಿಟ್ ಕೆಟ್ಟಿದೆಯೋ ನೀವು ಕೆಡಿಸಿದಿರೋ, ನನಗೆ ಗೊತ್ತಿಲ್ಲ."

ಉಪನ್ಯಾಸಕ ಕಾಂತರಾಜ್ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ತಂತಿ ಸರಿಯಾಗಿತ್ತು, ಫ್ಯೂಸ್ ಸರಿಯಾಗಿತ್ತು. ಕಟ್ಟೆಮಳಲವಾಡಿಯ ಕುಳ್ಳಯ್ಯನ ಮಗಳು ರಾಧಾ ಕಿಟ್ಟಿನ ಮೇಲೆ ಬಾಗಿ, "ಸಾರ್, ಇಪ್ರಾಮ್ ಚಿಪ್ ಮೇಲೆ ಚೀಟಿನೇ ಇಲ್ಲ," ಎಂದಳು.

ಕಾಂತರಾಜ್ ಬಾಗಿ ನೋಡಿದರು; ಚೀಟಿ ಇರಲಿಲ್ಲ. ಹನ್ನೊಂದು ವರ್ಷಗಳಿಂದ ಅವರೇ ಪಾಠ ಹೇಳಿದ್ದರು: ರ‍್ಯಾಮ್‌ಗೆ ಕರೆಂಟು ಇರುವವರೆಗಷ್ಟೇ ನೆನಪು; ನೀವು ಒತ್ತಿ ತುಂಬಿದ್ದೆಲ್ಲವೂ ಕರೆಂಟು ಹೋದೊಡನೆ ಅಳಿಯುತ್ತದೆ. ಇಪ್ರಾಮ್ ಹಾಗಲ್ಲ, ಅದರೊಳಗೆ ಸೆರೆಯಾದ ವಿದ್ಯುದಂಶ ಕರೆಂಟಿಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ. ಯಾವ ಗುಂಡಿ ಒತ್ತಿದರೆ ಏನು ಮಾಡಬೇಕೆಂಬ ಮೂಲ ಆದೇಶಗಳೆಲ್ಲ ಅದರಲ್ಲೇ ಇವೆ. ಆದರೆ ಅದರ ನೆತ್ತಿಯ ಮೇಲಿನ ಪುಟ್ಟ ಗಾಜಿನ ಕಿಂಡಿಯಿಂದ ನೇರಳಾತೀತ ಕಿರಣ ಒಳಹೊಕ್ಕರೆ ಸೆರೆ ಬಿಡುತ್ತದೆ, ಬರೆದದ್ದು ಅಳಿಯುತ್ತದೆ. ಬಿಸಿಲಿನಲ್ಲೂ ಆ ಕಿರಣವಿದೆ. ಆದುದರಿಂದಲೇ ಕಿಂಡಿಗೆ ಚೀಟಿ.

ಆಯುಧಪೂಜೆಯ ದಿನ ಕಿಟ್‌ಗಳ ಜಿಡ್ಡು ಒರೆಸಿದವರೂ, ಮಾಸಿದ ಚೀಟಿಯ ಮೇಲೆ ವಿಭೂತಿ ಇಡುವುದು ಸರಿಯಲ್ಲವೆಂದು ಅದನ್ನು ಕಿತ್ತವರೂ, ರಜೆ ಮುಗಿದ ಮೇಲೆ ಹೊಸದನ್ನು ಅಂಟಿಸಿದರಾಯಿತು ಎಂದುಕೊಂಡವರೂ ಅವರೇ. ಪ್ರಯೋಗಾಲಯಕ್ಕೆ ಸುಣ್ಣ ಹೊಡೆಯುವರೆಂದು ನಾಲ್ಕೂ ಕಿಟ್‌ಗಳನ್ನು ಹೂವಿನ ಸಮೇತ ಪೂರ್ವದ ಜಗಲಿಗೆ ಸಾಗಿಸಿದ್ದರು. ರಜೆಯುದ್ದಕ್ಕೂ ಬಿಸಿಲು ಅಲ್ಲಿ ತನ್ನ ಕೆಲಸ ಮಾಡಿತ್ತು.

ಸುದ್ದಿ ಕೇಳಿ ಬಂದ ಪ್ರಾಂಶುಪಾಲರು ಕಾಂತರಾಜರನ್ನು ಬಾಗಿಲಾಚೆ ಕರೆದರು. "ಮಕ್ಕಳು ತಪ್ಪು ವೈರ್ ಕೊಟ್ಟು ಸುಟ್ಟರು ಅಂತ ಬರೆದುಕೊಡಿ ಕಾಂತರಾಜ್. ಮಾರ್ಚಿನಲ್ಲಿ ಇನ್ನೊಂದು ಸಲ ಬರೀಲಿ."

"ರಾಧಾಗೆ ಡಿಸೆಂಬರಿನಲ್ಲಿ ಅಪ್ರೆಂಟಿಸ್ ಆಯ್ಕೆ ಇದೆ ಸಾರ್. ಪಾಸಾಗದೆ ಒಳಗೇ ಬಿಡೋದಿಲ್ಲ."

"ಅವಳೊಬ್ಬಳಿಗಾಗಿ ಪರೀಕ್ಷಾ ಕೇಂದ್ರ ಕಳ್ಕೊಳ್ಳೋಣವೇನ್ರೀ? ನಿಮ್ಮ ಕೆಲಸದ ಬಗ್ಗೆಯೂ ಸ್ವಲ್ಪ ಯೋಚಿಸಿ."

ಕಾಂತರಾಜ್ ಯೋಚಿಸಿದರು. ತಪ್ಪು ಮಾಡಿದವನು ತಲೆ ತಗ್ಗಿಸಿದರೆ ಮನುಷ್ಯ. ಆ ತಪ್ಪನ್ನು ತನ್ನ ಶಿಷ್ಯರ ತಲೆಗೆ ಕಟ್ಟಿದರೆ ಅವನನ್ನು ಏನೆಂದು ಕರೆಯುವುದು? ಇಷ್ಟು ಸ್ಪಷ್ಟವಾಗಿ ತಿಳಿದಿದ್ದರೂ ಅವರು ಮಾತು ತಪ್ಪಿಸಿ ಒಳನಡೆದರು. ಕೈಗಡಿಯಾರ ನೋಡಿದರು: ಹತ್ತೂ ಮೂವತ್ತೈದು.

ಒಳಗೆ ಅಟೆಂಡರ್ ಲಿಂಗಣ್ಣ ರಾಧಾ ಕೇಳಿದಳೆಂದು ಬೀರುವಿನ ಬಾಗಿಲು ತೆಗೆಯುತ್ತಿದ್ದ. "ಕೀಲಿಮಣೆ ಮುರ್ದೋಗಿರೋ ಹಳೇ ಕಿಟ್ಟು ಒಂದ್ ಐತಲ್ಲವ್ವ. ಅದ್ಕೆ ಪೂಜೆನೇ ಮಾಡ್ನಿಲ್ಲ, ಕತ್ಲಲ್ಲೇ ಬಿದ್ದಿತ್ತು. ತಗಂಡು ಏನ್ ಮಾಡೀಯೆ?"

"ಕೀಲಿಮಣೆ ಬ್ಯಾಡ ಲಿಂಗಣ್ಣ, ಚಿಪ್ ಸಾಕು ಕಣಣ್ಣ," ಎಂದ ರಾಧಾ ಪರೀಕ್ಷಕರತ್ತ ತಿರುಗಿದಳು. "ಸಾರ್, ಬದಲಾಯಿಸ್ಲಾ?"

"ಪ್ರಶ್ನೆಪತ್ರಿಕೆಯಲ್ಲಿ ಅದಿಲ್ಲ."

"ಕಿಟ್ ಎದ್ದರೆ ತಾನೇ ಸಾರ್, ಅದರಲ್ಲಿರೋದನ್ನ ಮಾಡೋದು?"

ಪರೀಕ್ಷಕರು ಆಗಲಿ ಎಂದು ತಲೆಯಾಡಿಸಿದರು. ರಾಧಾ ತನ್ನ ಕಿಟ್ಟಿನ ಚಿಪ್ಪಿನ ಎರಡು ತುದಿಗಳನ್ನೂ ಸರದಿಯಂತೆ ಮೀಟಿ ಎಬ್ಬಿಸಿ, ಮುರಿದ ಕಿಟ್ಟಿನಿಂದ ತೆಗೆದ, ಚೀಟಿ ಅಂಟಿದ್ದ ಚಿಪ್ಪನ್ನು ದಿಕ್ಕು ನೋಡಿ ಒತ್ತಿ ಕೂರಿಸಿದಳು. ಸ್ವಿಚ್ ಹಾಕಿದಳು. ಕೆಂಪು ಅಕ್ಷರಗಳು ಮೂಡಿದವು.

"ಅಂದರೆ ಮಿಕ್ಕ ನಾಲ್ಕೂ ಅಳಿಸಿಹೋಗಿವೆ," ಎಂದರು ಪರೀಕ್ಷಕರು. "ಚೀಟಿ ಕಿತ್ತವರು ಯಾರು?"

"ಮಕ್ಕಳೇ ಇರಬೇಕು. ಇವಳನ್ನೇ ಕೇಳಿ, ಎಲ್ಲ ಗೊತ್ತಿದ್ದಂತಿದೆ," ಎಂದರು ಹಿಂದೆಯೇ ಒಳಬಂದಿದ್ದ ಪ್ರಾಂಶುಪಾಲರು.

ರಾಧಾ ಕಿಟ್ಟಿನ ಮೇಲೆ ಬಾಗಿದಳು. ಪೂಜೆಯ ದಿನ ತಟ್ಟೆ ಹಿಡಿದು ನಿಂತಿದ್ದವಳು ಅವಳೇ. ಯಾರು ಕಿತ್ತರೆಂಬುದನ್ನು ಕಣ್ಣಾರೆ ಕಂಡಿದ್ದಳು. ಗುರುವಿನ ಮುಖ ನೋಡದೆ ಗುಂಡಿಗಳನ್ನೇ ನೋಡುತ್ತಿದ್ದಳು. ಆ ಮೌನವನ್ನು ಕಾಂತರಾಜರು ಸಹಿಸಲಾರದೆ ಹೋದರು.

"ನಾನು ಕಿತ್ತದ್ದು," ಎಂದರು. ಧ್ವನಿ ಅಗತ್ಯಕ್ಕಿಂತ ಜೋರಾಗಿತ್ತು. "ಈ ಮಕ್ಕಳದ್ದು ಏನೂ ತಪ್ಪಿಲ್ಲ. ಬರೆದುಕೊಡುತ್ತೇನೆ. ನಾಲ್ವರಿಗೂ ಪೂರ್ತಿ ಸಮಯ ಕೊಡಿ."

"ಒಂದೇ ಚಿಪ್‌ನಲ್ಲಿ?"

"ಸರದಿಯಲ್ಲಿ. ಸಂಜೆಯಾದರೂ ಸರಿ."

ಪ್ರಾಂಶುಪಾಲರು ಹೊರನಡೆದರು. ಪರೀಕ್ಷಕರು ಬಿಳಿ ಹಾಳೆಯೊಂದನ್ನು ಕಾಂತರಾಜರತ್ತ ಸರಿಸಿ, ಗಡಿಯಾರ ನೋಡಿ, "ಶುರುಮಾಡಮ್ಮ," ಎಂದರು.

ಹತ್ತು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಲೆಕ್ಕ. ರಾಧಾ ಆದೇಶಗಳನ್ನು ಒಂದೊಂದಾಗಿ ರ‍್ಯಾಮ್‌ಗೆ ಒತ್ತಿದಳು. ಮಧ್ಯೆ ಒಮ್ಮೆ ದೀಪ ಮಿಣುಕಿದಾಗ ಎಲ್ಲರೂ ತಲೆ ಎತ್ತಿ ನೋಡಿದರು, ಕರೆಂಟು ಹೋಗಲಿಲ್ಲ. ಕೊನೆಗೆ ಉತ್ತರ ಮೂಡಿತು. ಪರೀಕ್ಷಕರು ತಮ್ಮ ಉತ್ತರದ ಹಾಳೆಯೊಡನೆ ಹೋಲಿಸಿ ಗುರುತು ಹಾಕಿದರು.

"ಸರಿಯಿದೆ. ಮುಂದಿನವರು."

ರಾಧಾ ಎದ್ದಳು, ಧರ್ಮೇಂದ್ರ ಕುಳಿತ. ಕಾಂತರಾಜ್ ಹೇಳಿಕೆಗೆ ಸಹಿ ಹಾಕಿ, ಕುರ್ಚಿಯಲ್ಲಿ ಕೂರಲಾರದೆ, ಉಳಿದ ಮೂವರೂ ಮುಗಿಸುವವರೆಗೆ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದರು.