ಐದಡಿಯ ನೀರು

೨೦೨೫ರ ಸೆಪ್ಟೆಂಬರ್ ೧೪, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ ಗುದ್ದಲಿಯ ಸದ್ದು ಬದಲಾಯಿತು. ಅಲ್ಲಿಯವರೆಗೆ ಎರೆಮಣ್ಣಿನಲ್ಲಿ ಮಂದವಾಗಿ ಬೀಳುತ್ತಿದ್ದದ್ದು ಈಗ ಚಪ್ ಎಂದಿತು. ಗುಂಡಿಯೊಳಗಿದ್ದ ಆಳು ಒಂದು ಕಾಲೆತ್ತಿ ಪಾದ ನೋಡಿಕೊಂಡ.

"ಯಾಕೋ, ಪೈಪ್ ಒಡದೇನು?" ಮೇಲೆ ನಿಂತಿದ್ದ ಗೌಂಡಿ ನಜೀರಸಾಬ ಕೇಳಿದ.

"ಇಲ್ಲೆಲ್ಲಿ ಪೈಪ್ ಐತ್ರಿ? ನೀರು ತಾವಽ ಬರಾಕತ್ತಾವು."

ಸುನಿತಾ ಟೇಪು ಹಿಡಿದು ಬಂದಳು. ಐದು ಅಡಿ ಎರಡು ಅಂಗುಲ. ಹತ್ತು ಅಡಿ ತೋಡಿಸಿ, ಜಲ್ಲಿ, ಮರಳು ತುಂಬಿ, ತಾರಸಿಯ ಮಳೆನೀರನ್ನು ಅದರೊಳಗೆ ಇಂಗಿಸಬೇಕೆಂಬುದು ಅವಳದೇ ಯೋಜನೆ. ಗಂಗಾವತಿಯ ಹೊರಗಿನ ಹೊಸ ಬಡಾವಣೆಯಲ್ಲಿ ಅವರು ಮನೆ ಕಟ್ಟಿಸಿ ಮೂರು ತಿಂಗಳಾಗಿತ್ತು. ಕಾಂಪೌಂಡಿನ ಆಚೆ ಇನ್ನೂ ಭತ್ತದ ಗದ್ದೆಗಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳು ಪ್ರತಿ ಜೂನ್‌ನಲ್ಲಿ ಬೋರ್ಡಿನ ಮೇಲೆ ಮೋಡ, ತಾರಸಿ, ಪೈಪು, ಗುಂಡಿ ಬರೆಯುತ್ತಿದ್ದಳು. ಆ ಚಿತ್ರದ ಬಾಣಗಳೆಲ್ಲ ಕೆಳಮುಖ. ಮೇಲಕ್ಕೆ ಬರುವ ನೀರಿಗೆ ಅವಳು ಬಾಣ ಬರೆದಿರಲಿಲ್ಲ.

ಮಾವ ದೇವೇಂದ್ರಪ್ಪ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕಿದರು. ತಮ್ಮೂರು ತಳಕಲ್ಲಿನ ಹೊಲವನ್ನು ತಮ್ಮನ ಮಗನಿಗೆ ಗುತ್ತಿಗೆಗೆ ಕೊಟ್ಟು ಮಗ ಸೊಸೆಯ ಜೊತೆ ಇರಲು ಬಂದವರು. ಆ ಹೊಲದಲ್ಲಿ ಅವರು ನಾಲ್ಕು ಬೋರ್ ಹಾಕಿಸಿದ್ದರು. ಕೊನೆಯದು ಆರುನೂರ ಹತ್ತು ಅಡಿ ಹೋಗಿ ಬರೀ ಬಿಳಿ ಕಲ್ಲುಪುಡಿ ಕಾರಿತ್ತು.

"ಯವ್ವಾ ಸುನಿತಾ, ಇಂಗಸಾಕ ತಗ್ಗು ತೋಡಿಸಿದ್ರ ಇದು ಮ್ಯಾಲ ಬರಾಕತ್ತೈತಲ್ಲ?"

"ಕಾಲುವಿ ನೀರ್ರಿ ಮಾವಾರ. ಸುತ್ತ ಗದ್ದಿ ಅದಾವು. ನೆಲ ಕುಡದು ಕುಡದು ತುಂಬೇತಿ. ಒಳಗ ಜಾಗ ಇಲ್ಲ."

"ನೆಲದಾಗ ನೀರಿಗೆ ಜಾಗ ಇಲ್ಲಂತ! ಇಂಥಾ ಮಾತು ಕೇಳಿಯೇನೋ ನಜೀರಸಾಬ?"

"ನಿಮ್ಮ ತಳಕಲ್ಲಿಗೆ ಪಾರ್ಸಲ್ ಮಾಡ್ರಿ ಯಜಮಾನ್ರ."

"ಮಾಡ್ತಿದ್ನೋ. ಗಂಟು ಕಟ್ಟಾಕ ಬರೂದಿಲ್ಲಲ್ಲ ಇದನ್ನ."

ತೋಡುವುದು ಅಲ್ಲಿಗೇ ನಿಂತಿತು. ತಾರಸಿಯ ಪೈಪನ್ನು ಮಾತ್ರ ಮೊದಲೇ ಗುಂಡಿಯ ಬಾಯಿಗೆ ಜೋಡಿಸಿಯಾಗಿತ್ತು. ಅದನ್ನು ಯಾರೂ ಬಿಚ್ಚಲಿಲ್ಲ. ಮರುದಿನ ದೇವೇಂದ್ರಪ್ಪ ಅರಿಶಿನ ಕುಂಕುಮ ಏರಿಸಿ ಗುಂಡಿಗೆ ಕಾಯಿ ಒಡೆದರು. ಬೆಳಿಗ್ಗೆ ಚಹಾಕ್ಕಿಂತ ಮೊದಲು ಅಲ್ಲಿಗೆ ಹೋಗಿ ಬರುವುದು ರೂಢಿಯಾಯಿತು. ಫೋನಿನಲ್ಲಿ ಊರಿನವರಿಗೆ ಕೂಗಿ ಹೇಳುತ್ತಿದ್ದರು: "ಐದಡಿ ಅಂದ್ರ ಐದಽ ಅಡಿ. ಆರನೂರಲ್ಲೋ ಮಾರಾಯ! ಬಂದು ನೋಡಿ ಹೋಗು." ಸುನಿತಾ ಬೆರಳದ್ದಿ ರುಚಿ ನೋಡಿದಳು. ಸವಳು, ಉಪ್ಪುಪ್ಪು. ಮಾವನಿಗೆ ಹೇಳಲು ಮನಸ್ಸಾಗಲಿಲ್ಲ.

ಮೂರನೆಯ ವಾರ ಮಾವನ ಕೋಣೆಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿಯಿತು. ಗುಂಡಿ ಆ ಗೋಡೆಯಿಂದ ಎಂಟು ಅಡಿ ದೂರ. ಅದರ ನೀರು ಈಗ ಅಂಚಿಗಿಂತ ಮೂರೇ ಅಡಿ ಕೆಳಗಿತ್ತು. ನಜೀರಸಾಬ ಬಿರುಕಿನೊಳಗೆ ಉಗುರು ಹಾಕಿ ನೋಡಿದ.

"ಎರಿ ನೆಲ ನೋಡ್ರಿ. ನೀರು ಕುಡದು ಉಬ್ಬತೈತಿ. ತಗ್ಗು ಮುಚ್ಚಿಸಿಬಿಡ್ರಿ."

"ಮುಚ್ಚಿದ್ರ ಬಿರುಕು ನಿಂದ್ರತೈತೇನು?" ಸುನಿತಾ ಕೇಳಿದಳು.

"ನಿಂದ್ರಬೌದ್ರಿ. ನಿಂದ್ರದನೂ ಇರಬೌದು. ತಗ್ಗಂತೂ ಕಾಣಂಗಿಲ್ಲ."

ಅವಳ ಗಂಡ ಗವಿಸಿದ್ದೇಶನಿಗೆ ಗೊಬ್ಬರದ ಅಂಗಡಿ. ಅವನು ಅಂದೇ ಒಂದು ಟ್ರ್ಯಾಕ್ಟರ್ ಗರಸುಮಣ್ಣು ತರಿಸಿ ಗೇಟಿನ ಪಕ್ಕ ಸುರಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ಬೆಳೆಯಿತು.

"ಅಪ್ಪಾ, ನಾಳೆ ಮುಂಜಾನೆ ಮುಚ್ಚಿಸ್ತೀನಿ."

"ನೀರು ಬಿದ್ದ ತಗ್ಗಿಗೆ ಮಣ್ಣು ಹಾಕ್ತೀಯಾ? ನಾ ಇರೂತನ ಆಗಂಗಿಲ್ಲ."

"ಹಂಗಾರ ಮನಿ ಬೀಳ್ಲೇನು?"

"ಸುನಿತವ್ವನ್ನ ಕೇಳು. ಹುಡುಗರಿಗೆ ಅಕಿ ಇದನ್ನಽ ಕಲಸ್ತಾಳ. ಅಕಿ ಹೂಂ ಅಂದ್ರ ಮುಚ್ಚು."

ಇಬ್ಬರೂ ಅವಳ ಕಡೆ ನೋಡಿದರು. ಗುಂಡಿ ನೀರನ್ನು ತಂದಿರಲಿಲ್ಲ. ಅದು ಇದ್ದುದನ್ನು ತೋರಿಸಿತ್ತು, ಅಷ್ಟೆ. ಅಡುಗೆಮನೆಯ ಕೆಳಗೆ, ದೇವರ ಕೋಣೆಯ ಕೆಳಗೆ ಅದೇ ಮಟ್ಟದಲ್ಲಿ ಅದೇ ನೀರು ನಿಂತಿರಬೇಕು. ಗರಸು ಹಾಕಿದರೆ ಅದು ಇಳಿಯುವುದಿಲ್ಲ. ಆದರೆ ತುಂಬಿದ ನೆಲಕ್ಕೆ ತಾರಸಿಯ ಮಳೆಯನ್ನೂ ಗೋಡೆಯ ಬದಿಯಲ್ಲೇ ಸುರಿಸುವುದು ಸರಿಯೇ? ಮಳೆನೀರು ಹರಿದು ಹೋಗಲಿ ಎಂದು ಅವಳು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಒಂದು ಕಡೆಯಿಂದ ಯೋಚಿಸಿದರೆ ಗಂಡ ಸರಿ, ಇನ್ನೊಂದು ಕಡೆಯಿಂದ ಮಾವ. ಎರಡನ್ನೂ ಕೂಡಿಸಿ ನೋಡಿದರೆ ಇಬ್ಬರೂ ತಪ್ಪು.

"ನನಗ ತಿಳೀವಲ್ದು," ಎಂದಳು.

"ಬಿಎಸ್ಸಿ ಬಿಎಡ್ ಮಾಡಿ ಹಿಂಗಂದ್ರ ಹೆಂಗ?" ಗವಿಸಿದ್ದೇಶ ಕೈ ತೊಳೆದು ಅಂಗಡಿಗೆ ಹೋದ.

ನಾಲ್ಕು ಗಂಟೆಗೆ ಹೇಮಗುಡ್ಡದ ಕಡೆಯಿಂದ ಮೋಡ ಎದ್ದು ಬಂತು. ಗುಂಡಿ ತೋಡಿಸಿದ ಮೇಲೆ ಅದೇ ಮೊದಲ ದೊಡ್ಡ ಮಳೆ. ತಾರಸಿಯ ನೀರು ಪೈಪಿನಲ್ಲಿ ಗುಡುಗುಡು ಇಳಿದು ಗುಂಡಿಗೆ ಬಿತ್ತು. ದೇವೇಂದ್ರಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಅದರ ಪಕ್ಕ ನಿಂತರು. ಸುನಿತಾ ಕರೆದರೂ ಒಳಗೆ ಬರಲಿಲ್ಲ. ಅವರ ಮುಖದಲ್ಲಿ ನಗೆಯಿತ್ತು.

ನೀರು ಏರಿತು. ಎರಡಡಿ ಉಳಿಯಿತು, ಆಮೇಲೆ ಒಂದಡಿ. ಒಳಕ್ಕೆ ಇಳಿಯುವ ಲಕ್ಷಣ ಕಾಣಲಿಲ್ಲ. ಗೋಡೆಯ ಕಡೆಯ ಅಂಚಿನಿಂದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳತೊಡಗಿತು.

"ಇಳಿ, ಇಳಿ," ಎಂದರು ದೇವೇಂದ್ರಪ್ಪ, ಹಟ ಹಿಡಿದ ಎತ್ತಿಗೆ ಹೇಳುವಂತೆ. "ಇಳಿಯಽ ಮಾರಾಯ್ತಿ."

ಅವರು ಗೋಡೆ ನೋಡಿದರು, ಗುಂಡಿ ನೋಡಿದರು, ಮತ್ತೆ ಗೋಡೆ ನೋಡಿದರು. ತಳಕಲ್ಲಿನಲ್ಲಿ ಇಂಥ ಮಳೆಗೆ ಸನಿಕೆ ಹಿಡಿದು ಓಡುತ್ತಿದ್ದವರು. ಒಡ್ಡು ಎಲ್ಲಿ ಒಡೆದಿದೆಯೋ ಅಲ್ಲಿ ಮಣ್ಣು ಬಡಿದು, ಹೊಲದ ನೀರು ಹೊಲದಲ್ಲೇ ನಿಲ್ಲುವಂತೆ ಮಾಡುತ್ತಿದ್ದವರು. ಈಗ ಎರಡೂ ಕೈಯಿಂದ ಪೈಪಿನ ತುದಿ ಹಿಡಿದು, ತಿರುವಿ, ಗೇಟಿನ ಕಡೆಗೆ ಎಳೆದರು. ನೀರು ಅಂಗಳದ ಮೇಲೆ ಹರಿದು, ಗರಸಿನ ಗುಡ್ಡೆಯನ್ನು ಕೊರೆದು, ಗೇಟಿನ ಕೆಳಗಿನಿಂದ ರಸ್ತೆಯ ಗಟಾರಕ್ಕೆ ಇಳಿಯಿತು. ಗುಂಡಿಯ ನೀರು ಅಂಚಿಗೆ ಅರ್ಧ ಅಡಿ ಇರುವಾಗ ನಿಂತಿತು.

ಸುನಿತಾ ಓಡಿ ಬಂದು ಪೈಪಿನ ಇನ್ನೊಂದು ಕಡೆ ಹಿಡಿದಳು.

"ನಾನಽ ಬಿಟ್ನಲ್ಲವ್ವ," ಎಂದರು ಅವರು. "ಮಳಿ ನೀರು. ನನ್ನ ಕೈಯಾರೆ."

ಮಳೆ ನಿಂತಿತು. ದೇವೇಂದ್ರಪ್ಪ ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ತಲೆ ಒರೆಸಿಕೊಂಡರು. ಗೇಟಿನ ಕಡೆ ನೋಡುತ್ತ ಕೇಳಿದರು:

"ಎಷ್ಟು ಹೋತು?"

"ಬಿಡ್ರಿ ಮಾವಾರ."

"ಬಿಡೂದಲ್ಲ. ತಗ್ಗು ಮುಚ್ಚೂದೋ ಬ್ಯಾಡೋ, ಅದು ನಿನಗೂ ತಿಳೀವಲ್ದು, ನನಗೂ ತಿಳೀವಲ್ದು. ಇದರ ಲೆಕ್ಕಾದ್ರೂ ಬರತೈತಿಲ್ಲ ನಿನಗ? ಹೇಳು."

ಅವಳು ತಾರಸಿಗೆ ಹೋದಳು. ಶಾಲೆಯ ಮಕ್ಕಳಿಗೆ ತೋರಿಸಲೆಂದು ಇಟ್ಟಿದ್ದ ಮಳೆಮಾಪಕದಲ್ಲಿ ನಲವತ್ತೊಂದು ಮಿಲಿಮೀಟರ್. ತಾರಸಿ ಎಂಬತ್ತನಾಲ್ಕು ಚದರ ಮೀಟರ್. ಅದರಿಂದ ಗುಂಡಿ ಹಿಡಿದಿಟ್ಟದ್ದನ್ನು ಕಳೆಯಬೇಕು: ನಾಲ್ಕಡಿ ಅಗಲ, ನಾಲ್ಕಡಿ ಉದ್ದ, ಎರಡೂವರೆ ಅಡಿ ಏರಿಕೆ. ಮನಸ್ಸಿನಲ್ಲೇ ಗುಣಿಸಿ ಕಳೆದಳು. ಕೆಳಗೆ ರಸ್ತೆಯ ಗಟಾರ ಇನ್ನೂ ಸದ್ದು ಮಾಡುತ್ತಿತ್ತು. ಮಾವ ಮೆಟ್ಟಿಲ ಮೇಲಿಂದ ಕತ್ತೆತ್ತಿ ಅವಳು ಇಳಿದು ಬರುವುದನ್ನೇ ನೋಡುತ್ತಿದ್ದರು.

ಗೇಟಿನಾಚೆ ಹೋದದ್ದು ಎರಡು ಸಾವಿರದ ಮುನ್ನೂರು ಲೀಟರು.