ಪರದೆಯ ಹಿಂದಿನ ಸಂಸಾರ

ಅವಳು ಚಿಕ್ಕಂದಿನಲ್ಲಿ ನೋಡಿದ ಸಿನಿಮಾಗಳಲ್ಲಿ ನಾಯಕರೆಲ್ಲ ಎಡಚರು. ಎಡಗೈಯಲ್ಲೇ ಕತ್ತಿ ಹಿಡಿದರು, ಎಡಗೈಯಲ್ಲೇ ಕೆನ್ನೆಗೆ ಬಾರಿಸಿದರು. ತಪ್ಪು ಅವರದಲ್ಲ. ಬಾಂಬು ಬಿದ್ದು ಮನೆ ನೆಲಸಮವಾದ ಮೇಲೆ ಅಜ್ಜಿ, ಅಮ್ಮ, ಅವಳು, ಮೂವರೂ ವಾಸವಿದ್ದದ್ದು ಚಿತ್ರಮಂದಿರದ ಪರದೆಯ ಹಿಂದೆ; ಅಲ್ಲಿಂದ ಎಲ್ಲವೂ ತಿರುವುಮುರುವು. ಊರಿಗೆ ಊರೇ ತಲೆಕೆಳಗಾಗಿದ್ದಾಗ ಇದೇನು ಮಹಾ ಎಂದು ಅವಳು ಈಗಲೂ ಸಿಡುಕುತ್ತಾಳೆ.

ಮಾಲೀಕನೇನೂ ಧರ್ಮಕ್ಕೆ ಜಾಗ ಕೊಟ್ಟಿರಲಿಲ್ಲ. ಅಮ್ಮ ಹೊಲಿಗೆಯವಳು. ರಜೆಯ ಮೇಲೆ ಬಂದ ಸಿಪಾಯಿಗಳು ಬಂದೂಕು ಸಮೇತ ಮುಂದಿನ ಬೆಂಚುಗಳಲ್ಲಿ ಕೂರುತ್ತಿದ್ದರು. ಖಳನಾಯಕ ಹೆಂಗಸಿನ ಮೇಲೆ ಕೈಮಾಡಿದ್ದೇ ತಡ, ಎದ್ದು ನಿಂತು ಅವನಿಗೆ ಗುಂಡು ಹಾರಿಸುತ್ತಿದ್ದರು. ಬಂದೂಕು ಹೊರಗಿಟ್ಟು ಬನ್ನಿ ಎಂದು ಕೇಳಿದ ತಪ್ಪಿಗೆ ಮಾಲೀಕನ ಬಾಯಿಗೆ ಬಂದೂಕಿನ ಹಿಡಿಯಿಂದ ಏಟು ಬಿತ್ತು. ಮುಂದಿನ ಹಲ್ಲುಗಳೆಲ್ಲ ಟಿಕೆಟ್ ಕಿಂಡಿಯ ಮುಂದೆಯೇ ಉದುರಿದವು. ಅಂದಿನಿಂದ ಅವನಿಗೆ ಬೊಚ್ಚುಬಾಯಿ ಎಂದೇ ಹೆಸರಾಯಿತು. ಹೊಸ ಪರದೆ ತರೋಣವೆಂದರೆ ಎಲ್ಲಿಂದ? ಪ್ರತಿ ಬೆಳಿಗ್ಗೆ ಅಮ್ಮ ಏಣಿ ಹತ್ತಿ ಗುಂಡಿನ ತೂತುಗಳಿಗೆ ತೇಪೆ ಹಾಕುತ್ತಿದ್ದಳು. ಅದೇ ಬಾಡಿಗೆ. ಆಟ ನಡೆಯುವಾಗ ಉಸಿರೆತ್ತುವಂತಿರಲಿಲ್ಲ. ಹಿಂದೆ ಜನ ಇದ್ದಾರೆಂದು ಗೊತ್ತಾದರೆ ಬೀದಿಪಾಲಾದವರೆಲ್ಲ ನುಗ್ಗುತ್ತಾರೆ, ಆಮೇಲೆ ನಿಮಗೂ ಜಾಗವಿಲ್ಲ ಎಂದು ಬೊಚ್ಚುಬಾಯಿ ಕಡ್ಡಿ ಮುರಿದಂತೆ ಹೇಳಿದ್ದ.

ಹೊಸ ಚಿತ್ರ ಬಂದಾಗ ಮೊದಲ ಆಟಕ್ಕೆ ಹುಡುಗಿ ಮುಂದೆ ಕೂರಬೇಕು. ಮಜಾ ಮಾಡುವುದಕ್ಕಲ್ಲ. ಖಳನಾಯಕ ಯಾವ ಹಾಡಾದ ಮೇಲೆ ಬರುತ್ತಾನೆ, ಯಾವ ಮಾತಿಗೆ ಕೈಯೆತ್ತುತ್ತಾನೆ, ಎಲ್ಲ ನೆನಪಿಟ್ಟುಕೊಳ್ಳಬೇಕು. ಆ ಒಂದು ಆಟ ಪೂರ್ತಿ ಅಮ್ಮ, ಅಜ್ಜಿ ಹಿಂದೆ ಅಂಗಾತ ಮಲಗಿರುತ್ತಿದ್ದರು. ಎರಡನೆಯ ಆಟದಿಂದ ಅವಳೇ ಅವರ ಜೊತೆ ಕೂತು, ಆಪತ್ತು ಬರುವ ಮೊದಲು ಇಬ್ಬರ ಮೊಣಕಾಲು ತಟ್ಟುತ್ತಿದ್ದಳು. ಮೂವರೂ ನೆಲಕ್ಕೆ ಒರಗುತ್ತಿದ್ದರು. ಗುಂಡುಗಳು ತಲೆಯ ಮೇಲಿಂದ ಹಾದು ಹಿಂಗೋಡೆಯ ಗಾರೆಯನ್ನು ಕಿತ್ತು ಮೈಮೇಲೆ ಸುರಿಯುತ್ತಿದ್ದವು. ಅಜ್ಜಿ ಸಿಪಾಯಿಗಳ ಏಳು ತಲೆಮಾರನ್ನೂ ಜಾಲಾಡುತ್ತಿದ್ದಳು. ಧ್ವನಿವರ್ಧಕದ ಅಬ್ಬರದಲ್ಲಿ ಅದು ಆಚೆಗೆ ಕೇಳುತ್ತಿರಲಿಲ್ಲ, ಪುಣ್ಯ.

ಅಜ್ಜಿಗೆ ಸಿನಿಮಾ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಸಿನಿಮಾಕ್ಕೆ ಮೊದಲು ತೋರಿಸುವ ಯುದ್ಧದ ವಾರ್ತಾಚಿತ್ರ. ಅವಳ ಒಬ್ಬನೇ ಮಗನನ್ನು, ಅಂದರೆ ಹುಡುಗಿಯ ಅಪ್ಪನನ್ನು, ಕೆಲಸದಿಂದ ಬರುತ್ತಿದ್ದಾಗ ಬೀದಿಯಲ್ಲೇ ಹಿಡಿದು ಸೇನೆಗೆಂದು ಲಾರಿಗೆ ಹತ್ತಿಸಿಕೊಂಡು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ವಾರ್ತಾಚಿತ್ರದಲ್ಲಿ ಮೊದಲು ಸೇನಾಪತಿಯ ಭಾಷಣ, ಆಮೇಲೆ ರಣರಂಗಕ್ಕೆ ಹೊರಟ ಸಿಪಾಯಿಗಳ ಸಾಲು. ಆ ಸಾಲಿನಲ್ಲಿ ಮಗ ಕಂಡರೆ ಬದುಕಿದ್ದಾನೆ ಎಂದರ್ಥ. ಅಜ್ಜಿಯ ಕಣ್ಣು ಮಂಜು. ಆದ್ದರಿಂದ ಪೆಟ್ಟಿಗೆಯೊಂದನ್ನು ಪರದೆಗೆ ತಾಗಿಸಿಟ್ಟುಕೊಂಡು ಅದರ ಮೇಲೆ ನೆಟ್ಟಗೆ ಕೂರುತ್ತಿದ್ದಳು. ಅಮ್ಮ ಬೇಡ ಅನ್ನುತ್ತಿರಲಿಲ್ಲ. ವಾರ್ತಾಚಿತ್ರದಲ್ಲಿ ಖಳನಾಯಕ ಇರುವುದಿಲ್ಲವಲ್ಲ!

ಒಂದು ಮಧ್ಯಾಹ್ನ ಹೊಸ ವಾರ್ತಾಚಿತ್ರ ಬಂತು. ಸೇನಾಪತಿ ಗೆಲುವು ಹತ್ತಿರದಲ್ಲಿದೆ ಎಂದು ಎಂದಿನಂತೆ ಮೂಗಿಗೆ ತುಪ್ಪ ಸವರಿದ. ಆಮೇಲೆ, ಎಲ್ಲರ ರಜೆ ರದ್ದಾಗಿದೆ, ಕೂಡಲೇ ರಣರಂಗಕ್ಕೆ ಮರಳಬೇಕು ಎಂದ. ಮುಂದಿನ ಬೆಂಚಿನಿಂದ ಒಬ್ಬ ಸಿಪಾಯಿ ಎದ್ದು ಸೇನಾಪತಿಯ ಹಣೆಗೆ ಗುಂಡು ಹೊಡೆದ. ಅಷ್ಟೇ ಸಾಕಿತ್ತು, ಬೆಂಚಿಗೆ ಬೆಂಚೇ ಎದ್ದಿತು. ಖಳನಾಯಕನಿಗೆ ನಗುತ್ತಾ ಹೊಡೆಯುತ್ತಿದ್ದವರು ಇವನಿಗೆ ಅಳುತ್ತಾ ಹೊಡೆದರು, ಬಂದೂಕು ಬರಿದಾಗುವವರೆಗೆ ಹೊಡೆದರು.

ಅಜ್ಜಿ ಪೆಟ್ಟಿಗೆಯ ಸಮೇತ ಹಿಂದಕ್ಕೆ ಉರುಳಿದಳು. ಕುತ್ತಿಗೆಯ ಬುಡದಿಂದ ರಕ್ತ ಚಿಮ್ಮಿ ಹುಡುಗಿಯ ಬಾಯಿಗೇ ಬಿತ್ತು. ಬಿಸಿಯಾಗಿತ್ತು, ಉಪ್ಪಾಗಿತ್ತು. ಅಮ್ಮ ಷರತ್ತನ್ನೆಲ್ಲ ಗಾಳಿಗೆ ತೂರಿ ಗಂಟಲು ಹರಿಯುವಂತೆ ಕೂಗಿದಳು. "ಹೊಡೀಬೇಡಿ, ಇಲ್ಲಿ ಜನ ಇದ್ದೀವಿ." ಸೇನಾಪತಿಯ ಗಂಟಲು ಅವಳದಕ್ಕಿಂತ ದೊಡ್ಡದು. ಅಮ್ಮ ತೇಪೆಗೆಂದಿಟ್ಟ ಬಿಳಿ ಬಟ್ಟೆಯನ್ನೆಲ್ಲ ಗಾಯಕ್ಕೆ ತುರುಕಿದಳು. ತುರುಕಿದಷ್ಟೂ ಕೆಂಪಾಯಿತು.

ಹುಡುಗಿ ಅಜ್ಜಿಯ ಮುಖವನ್ನೇ ನೋಡುತ್ತಾ ಕೂತಿದ್ದಳು. ಅಜ್ಜಿಗೆ ಅದನ್ನು ಸಹಿಸಲಾಗಲಿಲ್ಲ.

"ನನ್ನ ಮುಖದಲ್ಲೇನಿದೆ? ಅಲ್ಲಿ ನೋಡು. ನಿಮ್ಮಪ್ಪ ದಾಟಿ ಹೋಗಿಬಿಡ್ತಾನೆ," ಎಂದಳು.

ಹುಡುಗಿ ಪರದೆಯತ್ತ ತಿರುಗಿದಳು. ಚಿಂದಿಯಾದ ಬಟ್ಟೆಯ ಮೇಲೆ ಸಿಪಾಯಿಗಳ ಸಾಲು ಬರುತ್ತಿತ್ತು. ಕೆಲವರ ಕಣ್ಣಿದ್ದಲ್ಲಿ ತೂತು, ಕೆಲವರ ಕೆನ್ನೆಯೇ ಇಲ್ಲ. ಆದರೂ ಒಂದು ಮುಖವನ್ನೂ ಬಿಡದೆ ನೋಡಿದಳು. ಹಿಂದೆ ಅಜ್ಜಿಯ ಗಂಟಲು ಗೊರಗುಟ್ಟುತ್ತಿತ್ತು. ತಿರುಗಿ ನೋಡಬೇಕೆಂದು ಜೀವ ಹೊಡೆದುಕೊಂಡರೂ ತಿರುಗಲಿಲ್ಲ.

ಸಾಲು ಮುಗಿಯಿತು. ಅಪ್ಪ ಇರಲಿಲ್ಲ. "ಅಪ್ಪ ಇದ್ದ, ಅಜ್ಜಿ, ಕಣ್ಣಾರೆ ಕಂಡೆ" ಎಂದು ಸುಳ್ಳು ಹೇಳಲು ಅವಳು ತಿರುಗಿದಳು. ಅಮ್ಮ ಅಜ್ಜಿಯ ಕಣ್ಣು ಮುಚ್ಚುತ್ತಿದ್ದಳು.